ಲೋಟದ ಲೆಕ್ಕ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಕಾಫಿ ಬೆಳೆಯುವ ಸೀಮೆಯಲ್ಲ. ರಾಗಿ, ರೇಷ್ಮೆ, ತರಕಾರಿ, ನೀಲಗಿರಿ ತೋಪು, ಈಚೆಗೆ ಗೋದಾಮು: ಈ ಹೋಬಳಿಯ ನೆಲ ಕಂಡ ಬೆಳೆಗಳಿವು. ಆದರೂ ಬೆಳಗಾದರೆ ಮನೆಮನೆಯಲ್ಲೂ ಕಾಫಿ. ಅಂಬಲಿ, ಮಜ್ಜಿಗೆ ಕುಡಿದು ಹೊಲಕ್ಕೆ ಹೋಗುತ್ತಿದ್ದ ಕಾಲ ಈಗ ಅಜ್ಜಿಯರ ಬಾಯಲ್ಲಷ್ಟೇ ಉಳಿದಿದೆ. ಹಸು ಕರೆದವರು ‘ಕಾಫಿಗೆ ಒಂದಿಷ್ಟು’ ಎಂದು ಚೊಂಬಿನಲ್ಲಿ ಎತ್ತಿಟ್ಟು, ಮಿಕ್ಕಿದ್ದನ್ನು ಡೈರಿಗೆ ಒಯ್ಯುತ್ತಾರೆ.

ಕಾಫಿ ಕುಡಿಯುವುದು ಸರಿಯೇ ಎಂದು ಯಾರಾದರೂ ಕೇಳಿದರೆ ನಾವು ಬೊಟ್ಟು ಮಾಡುವುದು ಮಲೆನಾಡಿನ ಕಡೆಗೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಕೊಡಗೊಂದೇ ದೇಶದ ಮೂರನೇ ಒಂದು ಪಾಲಿನಷ್ಟು ಬೆಳೆಯುತ್ತದೆ. ಒಂದು ಕಿಲೋ ಅರೇಬಿಕಾ ಪುಡಿಗೆ ಆರು ಕಿಲೋ ಹಣ್ಣಾದರೂ ಬೇಕು. ಅಷ್ಟನ್ನೂ ಕೈಯಲ್ಲೇ ಕೊಯ್ಯಬೇಕು. ಕೊಯ್ಯುವವರು ಲೈನ್ ಮನೆಗಳ ಯರವರು, ಜೇನುಕುರುಬರು, ಈಗೀಗ ಅಸ್ಸಾಂನಿಂದ ಬಂದವರು. ತೋಟ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಿಶುಮಂದಿರ ಒದಗಿಸಬೇಕೆಂದು 1951ರಲ್ಲೇ ಕಾಯ್ದೆ ಬಂತು. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿದಾಗ ಬೆಳೆಗಾರರ ಸಂಭ್ರಮ ಸುದ್ದಿಯಾಯಿತು. ಹಣ್ಣು ಕೊಯ್ದವರ ಕೂಲಿ ಎಷ್ಟು ಏರಿತು ಎಂದು ಕೇಳಿದವರು ಕಡಿಮೆ.

ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಬಯಲುಸೀಮೆಯ ನಮಗೆ ಅದರಲ್ಲೊಂದು ಅನುಕೂಲವೂ ಇದೆ. ಪಾಪ 250 ಕಿಲೋಮೀಟರ್ ಆಚೆಗಿರುತ್ತದೆ. ನಾವು ಲೋಟ ಕೆಳಗಿಟ್ಟು ನಿಟ್ಟುಸಿರು ಬಿಟ್ಟರೆ ಮುಗಿಯಿತು. ಲೋಟದಲ್ಲಿ ನಮ್ಮೂರಿನದೇ ಆದ ಪಾಲೊಂದಿದೆಯಲ್ಲ, ಅದರ ಲೆಕ್ಕ ಯಾರು ಕೊಡಬೇಕು?

ಮೊದಲು ಹಾಲು. ಡಚ್ ವಿಜ್ಞಾನಿ ಆರ್ಯೆನ್ ಹೂಕ್‌ಸ್ಟ್ರಾ ಮತ್ತು ಸಂಗಡಿಗರು ಹಾಕಿದ ಲೆಕ್ಕದಂತೆ, ಒಂದು ಕಪ್ ಕರಿ ಕಾಫಿಯ ಹಿಂದೆ ಸುಮಾರು 140 ಲೀಟರ್ ನೀರಿದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದರಲ್ಲಿ ಬಹುಪಾಲು ತೋಟದ ಮೇಲೆ ತಾನಾಗಿ ಸುರಿಯುವ ಮಳೆ. ಲೀಟರ್ ಹಾಲಿಗೆ ಜಾಗತಿಕ ಸರಾಸರಿ ಸುಮಾರು 1,000 ಲೀಟರ್. ಅದರಲ್ಲೂ ಮಳೆನೀರೇ ಹೆಚ್ಚು, ನಿಜ. ಆದರೆ ಬೇಸಿಗೆಯಲ್ಲಿ ಇಲ್ಲಿನ ಸೀಮೆಹಸುವಿಗೆ ಹಸಿರು ಮೇವು ಬೇಕೆಂದರೆ ಕೊಳವೆಬಾವಿಯನ್ನೇ ನೆಚ್ಚಬೇಕು. ಹೊಸಕೋಟೆಯೋ, ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿರುವ ತಾಲ್ಲೂಕು. ಮಲೆನಾಡಿನ ಡಿಕಾಕ್ಷನ್‌ಗೆ ನಾವು ಬೆರೆಸುತ್ತಿರುವುದು ಬರಿದಾಗುತ್ತಿರುವ ನಮ್ಮ ನೆಲದಾಳವನ್ನು.

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಏರಿದ್ದು ರೈತರಿಗೇ ಎಂದಿತು ಸರ್ಕಾರ. ಪೇಟೆಯಲ್ಲಿ ಕಾಫಿ ದುಬಾರಿಯಾಯಿತೆಂದು ಗೊಣಗುವಾಗ ನಾವು ಬೆಳಗಿನ ಡೈರಿ ಸಾಲನ್ನು ನೆನೆಯುವುದಿಲ್ಲ. ಅಲ್ಲಿ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂಬುದರ ಮೇಲೆ ಕ್ಯಾನ್ ಹಿಡಿದು ನಿಂತವರ ಸಂಪಾದನೆ ನಿಂತಿದೆ. ಹಿಂಡಿ, ಬೂಸಾದ ಖರ್ಚು ಕಳೆದ ಮೇಲೆ ಕೈಗೆ ಹತ್ತುವುದರಲ್ಲಿ ನಸುಕಿಗೇ ಎದ್ದು ಸಗಣಿ ಬಾಚಿದವಳ ದುಡಿಮೆಗೆ ಕೂಲಿ ಹಿಡಿಯುವವರಿಲ್ಲ.

ಕರುವಿನ ಮಾತಂತೂ ಯಾರೂ ಎತ್ತುವುದಿಲ್ಲ. ಹಾಲಿಗಾಗಿ ಹಸು ಈಯಬೇಕು. ಹುಟ್ಟಿದ್ದು ಹೋರಿಗರುವಾದರೆ, ಉಳುಮೆ ಟ್ರ್ಯಾಕ್ಟರಿನ ಪಾಲಾದ ಊರಲ್ಲಿ ಅದಕ್ಕೆ ಕೆಲಸವಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ಕೊಳ್ಳುವವರೂ ಇಲ್ಲ. ಸಾಕುವ ಹೊರೆ ರೈತನ ಕೊಟ್ಟಿಗೆಗೆ, ಕಾಯ್ದೆಯ ಪುಣ್ಯ ಎಲ್ಲರಿಗೂ, ನೊರೆ ನಮ್ಮ ಲೋಟಕ್ಕೆ.

ಇನ್ನು ಲೋಟ. ಹಳೇ ಮೈಸೂರಿನ ಎಷ್ಟೋ ಊರುಗಳ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟವಿರುತ್ತಿತ್ತು. ಕುಡಿದವರೇ ತೊಳೆದು, ಸೂರಿನಂಚಿಗೋ ಕಿಟಕಿ ಸಂದಿಗೋ ಸಿಕ್ಕಿಸಿ ಹೋಗಬೇಕಿತ್ತು. ಹೋಟೆಲಿನಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಯನ್ನು ಅಸ್ಪೃಶ್ಯತೆಯ ಹೆಸರಲ್ಲಿ ನಿರಾಕರಿಸುವುದು 1955ರ ಕಾಯ್ದೆಯಂತೆಯೇ ಅಪರಾಧ. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಹೋರಾಟ ಊರೂರಿನ ಹೋಟೆಲ್ ಬಾಗಿಲಿಗೂ ಬಂತು. ಒಂದು ಲೋಟ ಕಾಫಿಗೆ ಒಳಗೆ ಕಾಲಿಡುವುದೇ ಆಗ ಚಳವಳಿಯಾಗಿತ್ತು.

ಈಗ ಎಲ್ಲೆಲ್ಲೂ ಪೇಪರ್ ಲೋಟ. ಪ್ಲಾಸ್ಟಿಕ್ ಲೋಟ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಪೇಪರ್ ಲೋಟದ ಒಳಮೈಗೆ ಸವರಿದ ತೆಳು ಪ್ಲಾಸ್ಟಿಕ್ ಮಾತ್ರ ಹಾಗೇ ಉಳಿಯಿತು. ಗೋದಾಮಿಗೆ ಬಂದ ಒಡಿಶಾ, ಬಿಹಾರದ ಹುಡುಗರಿಗೂ ಅದೇ, ಊರವರಿಗೂ ಅದೇ. ಭೇದ ಹೋಯಿತಲ್ಲ ಎನ್ನಬಹುದು. ಆದರೆ ಒಬ್ಬರು ಕುಡಿದ ಲೋಟದಲ್ಲಿ ಇನ್ನೊಬ್ಬರು ಕುಡಿಯುವ ಸಂದರ್ಭವೇ ಇಲ್ಲದ ಕಡೆ ಭೇದ ಹೋಯಿತೋ, ಪರೀಕ್ಷೆ ರದ್ದಾಯಿತೋ ತಿಳಿಯುವುದು ಹೇಗೆ?

ಕಾಫಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಇದನ್ನು ಬರೆಯುವಾಗಲೂ ಪಕ್ಕದಲ್ಲಿ ಒಂದು ಆರುತ್ತಿದೆ. ಪೊಟ್ಟಣದ ಮೇಲಿನ ಚಿಕೋರಿಯ ಶೇಕಡಾವಾರು ಓದಿ ಕೊಳ್ಳುತ್ತೇವಲ್ಲ, 49ರ ಮಿತಿ ಮೀರಬಾರದೆಂದು ಕಾನೂನೇ ಇದೆಯಲ್ಲ, ಅಂಥ ಲೆಕ್ಕ ಉಳಿದ ಪಾಲುದಾರರಿಗೂ ಸಲ್ಲಲಿ. ಹಾಲಿನ ದರ ಏರಿದಾಗ ಗೊಣಗದಿರುವುದು ಒಂದು. ಹೋಟೆಲಿನಲ್ಲಿ ಸ್ಟೀಲ್ ಲೋಟ ಕೇಳುವುದು ಇನ್ನೊಂದು. ಸ್ಟೀಲ್ ಲೋಟಕ್ಕೆ ಬೇಕಾದ್ದು ಎರಡೇ: ತೊಳೆಯಲು ಒಂದಿಷ್ಟು ನೀರು, ಇನ್ನೊಬ್ಬರು ತುಟಿಯಿಟ್ಟಲ್ಲಿ ತುಟಿಯಿಡುವ ಮನಸ್ಸು. ನಮ್ಮ ಸೀಮೆಯಲ್ಲಿ ನೀರಿಗೆ ಬರ ಇರುವುದು ಎಲ್ಲರಿಗೂ ಗೊತ್ತು.