ಬಣ್ಣದ ಹೆಸರೆತ್ತದ ಟ್ವೀಟ್

ಚರ್ಮದ ಬಣ್ಣದ ಬಗ್ಗೆ ಒಂದು ಪದವೂ ಇಲ್ಲದ ಟ್ವೀಟ್ ಜನಾಂಗೀಯ ನಿಂದನೆ ಆಗಬಹುದಾ?
ಆಗಬಹುದು. ಹೇಗೆ ಅಂತ ನೋಡಿ.

2019ರ ಜುಲೈ 14. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಟ್ವೀಟ್ ಮಾಡಿದರು.
ಸರ್ಕಾರವನ್ನು ಟೀಕಿಸುತ್ತಿದ್ದ ಕೆಲವು ಡೆಮಾಕ್ರಟಿಕ್ ಸಂಸದೆಯರು ತಾವು ಬಂದ ದೇಶಕ್ಕೇ ವಾಪಸ್ ಹೋಗಿ ಅದನ್ನು ಸರಿಮಾಡಲಿ ಅನ್ನೋದು ಅದರ ಸಾರ.
ಹೆಸರು ಹೇಳಲಿಲ್ಲ. ಆದರೂ ಎಲ್ಲರಿಗೂ ಅರ್ಥವಾಯಿತು: ಕಪ್ಪು, ಲ್ಯಾಟಿನೊ, ಅರಬ್ ಮೂಲದ ನಾಲ್ವರು.
ಅವರಲ್ಲಿ ಮೂವರು ಹುಟ್ಟಿದ್ದೇ ಅಮೆರಿಕದಲ್ಲಿ.
ಸೊಮಾಲಿಯಾದಲ್ಲಿ ಹುಟ್ಟಿದ ಇಲ್ಹಾನ್ ಒಮರ್ ಕೂಡ ಅಮೆರಿಕದ ಪ್ರಜೆ.
ಹಾಗಾದರೆ ವಾಪಸ್ ಹೋಗೋದು ಎಲ್ಲಿಗೆ?

ಒಂದೇ ಮನೆಯ ಪಾಲುದಾರರು. ಒಬ್ಬರು ಸೂರು ಸೋರುತ್ತಿದೆ ಅಂದರು.
ಇನ್ನೊಬ್ಬರು, ನೀನು ಬಾಡಿಗೆಯವನು, ಮನೆ ಖಾಲಿ ಮಾಡು ಅಂದರು.
ಇದೂ ಹಾಗೇ.

ಟೀಕೆಗೆ ಉತ್ತರ ಕೊಟ್ಟಿದ್ದು ಅಷ್ಟೇ, ಇದರಲ್ಲಿ ಜನಾಂಗ ಎಲ್ಲಿದೆ ಅಂತ ನೀವು ಕೇಳಬಹುದು.
ಆದರೆ ಟ್ರಂಪ್ ಕೂಡ ದೇಶದ ಆಡಳಿತವನ್ನು ಕಟುವಾಗಿ ಟೀಕಿಸಿಯೇ 2016ರಲ್ಲಿ ಗೆದ್ದವರು.
ಅವರು ಟೀಕಿಸಿದರೆ ದೇಶಪ್ರೇಮ, ಇವರು ಟೀಕಿಸಿದರೆ ದೇಶ ಬಿಡಬೇಕು.
ವ್ಯತ್ಯಾಸ ಟೀಕೆಯಲ್ಲಿಲ್ಲ, ಟೀಕಿಸಿದವರ ಮೂಲದಲ್ಲಿದೆ.
ಉದ್ಯೋಗದಲ್ಲಿ ತಾರತಮ್ಯ ತಡೆಯುವ ಅಮೆರಿಕದ ಸರ್ಕಾರಿ ಆಯೋಗವೇ, 'ಬಂದಲ್ಲಿಗೇ ವಾಪಸ್ ಹೋಗು' ಅನ್ನೋ ಮಾತನ್ನು ಕಿರುಕುಳಕ್ಕೆ ಉದಾಹರಣೆಯಾಗಿ ಕೊಟ್ಟಿದೆ.
ಎರಡೇ ದಿನದಲ್ಲಿ ಅಲ್ಲಿನ ಕೆಳಮನೆ 240-187 ಮತಗಳಿಂದ ಆ ಟ್ವೀಟನ್ನು ಖಂಡಿಸಿತು.

ಹಾಗಾಗಿ ಯಾವ ನಾಯಕರ ಪೋಸ್ಟ್ ಓದಿದರೂ ಬಣ್ಣದ ಪದ ಹುಡುಕುತ್ತಾ ಕೂರಬೇಡಿ.
ಯಾರು ಮನೆಯವರು, ಯಾರು ಹೊರಗಿನವರು ಅಂತಿದ್ದಾರೆ?
ಅದನ್ನು ನೋಡಿ.