ಸರ್ಕಾರಿ ಜಾಲತಾಣ: ಕಣ್ಣಿಲ್ಲದವರಿಗೂ ಓದಲು ಬರಬೇಕಾದ ಪುಟ

ಹಾವೇರಿ: ಅಂಗವೈಕಲ್ಯ ಪ್ರಮಾಣಪತ್ರವನ್ನು ಯುಡಿಐಡಿ ಜಾಲತಾಣದ ಮೂಲಕವೇ ನೀಡಬೇಕೆಂಬ ನಿಯಮ 2021ರ ಜೂನ್ 1ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಅಂದರೆ, ತನಗೆ ಕಣ್ಣು ಕಾಣುವುದಿಲ್ಲವೆಂದು ಸರ್ಕಾರಕ್ಕೆ ತಿಳಿಸಬೇಕಾದ ವ್ಯಕ್ತಿಯು ಅದಕ್ಕೂ ಮೊದಲು ಗಣಕಯಂತ್ರದ ಅಥವಾ ಮೊಬೈಲಿನ ತೆರೆಯೊಂದನ್ನು ದಾಟಿ ಹೋಗಬೇಕು. ಪಿಂಚಣಿ, ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಆಸ್ತಿ ತೆರಿಗೆ ಮೊದಲಾದ ಬಹುತೇಕ ಸೇವೆಗಳ ಕಥೆಯೂ ಇಂದು ಇದೇ ಆಗಿದೆ. ಕಚೇರಿಯ ಬಾಗಿಲಿಗೆ ಇಳಿಜಾರು ದಾರಿ ನಿರ್ಮಿಸಬೇಕೆಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಜಾಲತಾಣಕ್ಕೂ ಅಂಥದೊಂದು ಇಳಿಜಾರು ಬೇಕು ಎಂಬುದು ಮಾತ್ರ ಅನೇಕ ಅಧಿಕಾರಿಗಳಿಗೆ ಇನ್ನೂ ಹೊಸ ಮಾತು.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯಲ್ಲಿ ಜಿಲ್ಲಾ ಮಟ್ಟದ ಕಚೇರಿಗಳೂ ಜಿಲ್ಲಾ ಆಸ್ಪತ್ರೆಯೂ ಹಾವೇರಿ ಪಟ್ಟಣದಲ್ಲಿವೆ. ರಾಣೆಬೆನ್ನೂರಿನಿಂದಲೋ ಬ್ಯಾಡಗಿಯ ಹಳ್ಳಿಯೊಂದರಿಂದಲೋ ಊರುಗೋಲು ಹಿಡಿದು ಬಸ್ಸು ಹತ್ತಿ ಬರುವವರ ಪಾಲಿಗೆ ಜಾಲತಾಣವೆಂದರೆ ಒಂದು ದಿನದ ಕೂಲಿ, ಜೊತೆಗೆ ಬರುವ ಬಂಧುವಿನ ಕೂಲಿ, ಎರಡು ಟಿಕೆಟ್ಟುಗಳ ಉಳಿತಾಯ. ಕೆಟ್ಟದಾಗಿ ರೂಪಿಸಿದ ಜಾಲತಾಣ ಆ ಉಳಿತಾಯವನ್ನು ಕಸಿದುಕೊಳ್ಳುತ್ತದೆ. ಅಷ್ಟೇ ಅಲ್ಲ, ಪಾಸ್‌ವರ್ಡು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ಸೈಬರ್ ಕೆಫೆಯ ಅಪರಿಚಿತರ ಕೈಗೆ ಒಪ್ಪಿಸುವಂತೆ ಮಾಡುತ್ತದೆ. ಈ ಎರಡನೆಯ ನಷ್ಟವೇ ದೊಡ್ಡದೆಂದು ಈ ಲೇಖಕನ ಅಭಿಪ್ರಾಯ.

ಕಣ್ಣು ಕಾಣದವರು ಗಣಕಯಂತ್ರವನ್ನು ಬಳಸುವುದಾದರೂ ಹೇಗೆ ಎಂದು ಕೇಳುವವರು ಇನ್ನೂ ಇದ್ದಾರೆ. ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಅವರ ನೆರವಿಗಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರಾದ ಮೈಕೆಲ್ ಕರ್ರನ್ ಮತ್ತು ಜೇಮ್ಸ್ ಟೆ ಅವರು ಬೆಳೆಸಿದ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಬಳಕೆದಾರರು ಮೌಸ್ ಮುಟ್ಟುವುದಿಲ್ಲ. ಕೀಲಿಮಣೆಯ ಟ್ಯಾಬ್ ಕೀಲಿ ಒತ್ತುತ್ತ ಒಂದೊಂದೇ ಕೊಂಡಿಗೆ, ಒಂದೊಂದೇ ಚೌಕಕ್ಕೆ ಹೋಗುತ್ತಾರೆ. ತಂತ್ರಾಂಶ ಅದರ ಹೆಸರನ್ನು ಹೇಳುತ್ತದೆ. ಹೆಸರೇ ಇಲ್ಲದಿದ್ದರೆ? ಆಗ ಕೇಳಿಸುವುದು "ಬಟನ್", "ಬಟನ್", "ಬಟನ್" ಎಂಬ ಜಪ ಮಾತ್ರ. ಯಾವುದು ಅರ್ಜಿ ಸಲ್ಲಿಸುವ ಬಟನ್, ಯಾವುದು ತುಂಬಿದ್ದನ್ನೆಲ್ಲ ಅಳಿಸಿಹಾಕುವ ಬಟನ್ ಎಂದು ತಿಳಿಯುವ ಉಪಾಯವಿಲ್ಲ.

ಇಲ್ಲಿ ಕನ್ನಡದ ತೊಡಕೊಂದಿದೆ. ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಸಿಕ್ಕಿತು. ಆದರೆ ನಮ್ಮ ಕಚೇರಿಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿದವು. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಒಳಗೆ ಸಂಗ್ರಹವಾಗಿರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನು. ಹೀಗಾಗಿ "ಫಲಾನುಭವಿಗಳ ಪಟ್ಟಿ" ಎಂಬ ಶೀರ್ಷಿಕೆಯು ಯಾವ ಭಾಷೆಗೂ ಸೇರದ ಶಬ್ದಗಳ ರಾಶಿಯಾಗಿ ಕೇಳಿಸುತ್ತದೆ. ಅದೇ ನುಡಿ, ಬರಹ ತಂತ್ರಾಂಶಗಳಲ್ಲಿಯೇ ಯುನಿಕೋಡ್ ಆಯ್ಕೆಯೂ ಇದೆ, ಹಳೆಯ ಪಠ್ಯವನ್ನು ಬದಲಾಯಿಸುವ ಸಾಧನಗಳೂ ಇವೆ. ಬೇಕಾಗಿರುವುದು ಬೆರಳಚ್ಚಿಗೆ ಕೂರುವ ಮುನ್ನ ಒಂದು ಕ್ಲಿಕ್ಕು.

ಇದಕ್ಕಿಂತಲೂ ಕೆಟ್ಟದ್ದು ಸ್ಕ್ಯಾನ್ ಮಾಡಿದ ಪಿಡಿಎಫ್. ಆದೇಶವನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿ, ಮುದ್ರಿಸಿ, ಸಹಿ-ಮೊಹರು ಹಾಕಿ, ಮತ್ತೆ ಅದರ ಛಾಯಾಚಿತ್ರ ತೆಗೆದು ಜಾಲತಾಣಕ್ಕೆ ಏರಿಸುವುದು ನಮ್ಮ ಕಚೇರಿಗಳ ಹಳೆಯ ಪದ್ಧತಿ. ಸ್ಕ್ರೀನ್ ರೀಡರ್ ಪಾಲಿಗೆ ಅದು ಖಾಲಿ ಹಾಳೆ. ಸಹಿ ಇರುವ ಪ್ರತಿ ಬೇಕೇ ಬೇಕೆಂದಾದರೆ ಅದರ ಜೊತೆಯಲ್ಲಿ ಅದೇ ಪಠ್ಯವನ್ನು ಪುಟದಲ್ಲಿ ಅಕ್ಷರರೂಪದಲ್ಲಿ ಹಾಕಲು ಯಾವ ನಿಯಮವೂ ಅಡ್ಡಬರುವುದಿಲ್ಲ.

ಜಿಲ್ಲೆಯ ಅಧಿಕೃತ ಜಾಲತಾಣದ ಚೌಕಟ್ಟು ಹಾವೇರಿಯಲ್ಲಿ ತಯಾರಾದುದಲ್ಲ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ದೇಶದ ಜಿಲ್ಲೆಗಳಿಗೆ ಒದಗಿಸಿರುವ ಎಸ್3ವಾಸ್ ಎಂಬ ಸಿದ್ಧ ವ್ಯವಸ್ಥೆ ಅದು. ಅದರ ಪೂರ್ಣ ಹೆಸರಿನಲ್ಲಿಯೇ "ಸುಗಮ್ಯ" ಎಂಬ ಪದವಿದೆ. ಅಕ್ಷರ ಹಿಗ್ಗಿಸುವ ಗುಂಡಿ, ನೇರವಾಗಿ ಮುಖ್ಯ ವಿಷಯಕ್ಕೆ ಹೋಗುವ ಕೊಂಡಿ ಮೊದಲಾದವು ಆ ಚೌಕಟ್ಟಿನಲ್ಲಿ ಸಿದ್ಧವಾಗಿಯೇ ಬರುತ್ತವೆ. ಹಾವೇರಿ, ರಾಣೆಬೆನ್ನೂರು ನಗರಸಭೆಗಳ ಮತ್ತು ಬ್ಯಾಡಗಿ ಪುರಸಭೆಯ ತಾಣಗಳಿಗೂ ರಾಜ್ಯಮಟ್ಟದಲ್ಲಿ ರೂಪಿಸಿದ ಸಮಾನ ಮಾದರಿಯೇ ಆಧಾರ. ಆದ್ದರಿಂದ ತಾಣ ಕಟ್ಟಿದವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಚೌಕಟ್ಟು ದೆಹಲಿ, ಬೆಂಗಳೂರಿನದು. ಅದರೊಳಗೆ ದಿನವೂ ಏರುವ ಪ್ರಕಟಣೆ, ಟೆಂಡರು, ಪಟ್ಟಿ, ಛಾಯಾಚಿತ್ರಗಳು ಊರಿನವು. ಎಷ್ಟೇ ಒಳ್ಳೆಯ ಚೌಕಟ್ಟಾಗಲಿ, ಅದರೊಳಗೆ ಸ್ಕ್ಯಾನ್ ಪ್ರತಿ ಹಾಕಿದರೆ ಅಲ್ಲಿಗೆ ಮುಗಿಯಿತು. ತರಬೇತಿ ಬೇಕಾಗಿರುವುದು ಏರಿಸುವ ಸಿಬ್ಬಂದಿಗೆ.

ಅಂಧರ ವಿಷಯವನ್ನೇ ಹೆಚ್ಚು ಹೇಳಿದ್ದಾಯಿತು. ಮಂದದೃಷ್ಟಿಯವರಿಗೆ ಬೂದು ಹಿನ್ನೆಲೆಯ ಮೇಲಿನ ತಿಳಿಬೂದು ಅಕ್ಷರ ಕಾಣುವುದಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕಿವಿ ಕೇಳದವರಿಗೆ ದೂರವಾಣಿ ಸಂಖ್ಯೆ ಮಾತ್ರವಿರುವ "ಸಂಪರ್ಕಿಸಿ" ಪುಟದಿಂದ ಏನುಪಯೋಗ? ಕೈ ನಡುಗುವವರಿಗೆ ಚಿಕ್ಕ ಗುಂಡಿಯೂ, ಒಟಿಪಿ ತುಂಬಲು ಕೊಡುವ ಅರೆಗಳಿಗೆಯ ಗಡುವೂ ಶತ್ರುಗಳು. ಪುಟದ ನೆತ್ತಿಯ ಮೇಲೆ ಸದಾ ಓಡುತ್ತಿರುವ ಸುದ್ದಿಸಾಲು ನಮ್ಮ ಸರ್ಕಾರಿ ತಾಣಗಳ ಅಚ್ಚುಮೆಚ್ಚು. ಐದು ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುವ ಯಾವುದನ್ನೇ ಆಗಲಿ ನಿಲ್ಲಿಸುವ ಸೌಕರ್ಯವಿರಬೇಕೆಂಬುದು ಅದೇ ಮಾರ್ಗಸೂಚಿಯ ಮಾತು. ಬುದ್ಧಿಮಾಂದ್ಯರಿಗೂ ಅಲ್ಪಸಾಕ್ಷರರಿಗೂ "ಸದರಿ", "ಮೇಲ್ಕಾಣಿಸಿದ", "ಉಲ್ಲೇಖಿತ" ಎಂಬ ಕಚೇರಿಗನ್ನಡವೇ ಒಂದು ಗೋಡೆ. ಆ ಗೋಡೆ ಒಡೆದರೆ ಉಳಿದ ನಮಗೂ ಉಪಕಾರವೇ.

ಬಣ್ಣದ ಮಾತನ್ನು ಬ್ಯಾಡಗಿಯವರಿಗೆ ಹೇಳಿಕೊಡಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಲ್ಲಿನ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಆದರೆ ದರಪಟ್ಟಿಯನ್ನು ಜಾಲತಾಣದಲ್ಲಿ ಪ್ರಕಟಿಸುವಾಗ ಏರಿದ ದರಕ್ಕೆ ಹಸಿರು, ಇಳಿದ ದರಕ್ಕೆ ಕೆಂಪು ಎಂದಷ್ಟೇ ಬಿಟ್ಟರೆ ಕೆಂಪು-ಹಸಿರುಗಳ ಭೇದ ತಿಳಿಯದ ಬಣ್ಣಗುರುಡಿನ ರೈತನಿಗೆ ಎರಡೂ ಒಂದೇ. "ಏರಿಕೆ", "ಇಳಿಕೆ" ಎಂಬ ಪದವನ್ನೋ ಬಾಣದ ಗುರುತನ್ನೋ ಜೊತೆಗಿಟ್ಟರೆ ಸಾಕು.

ಕಾನೂನು ಏನು ಹೇಳುತ್ತದೆ? 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅದನ್ನು 21ಕ್ಕೆ ಹಿಗ್ಗಿಸಿತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಈ ಕಾಯಿದೆಯ 42ನೇ ಕಲಮು ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೂ ಎಟುಕಬೇಕೆನ್ನುತ್ತದೆ. ಸರ್ಕಾರಿ ಜಾಲತಾಣಗಳಿಗೆ ಕೇಂದ್ರದ ಮಾರ್ಗಸೂಚಿ 2009ರಲ್ಲಿಯೇ ಬಂದಿತ್ತು. ಅದರ ಮೂರನೆಯ ಆವೃತ್ತಿ 2023ರದು. ಇಷ್ಟಿದ್ದೂ ಪಾಲನೆ ಐಚ್ಛಿಕವೆಂಬಂತೆ ನಡೆದುಬಂದಿತು. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಈ ಧೋರಣೆಗೆ ಪೆಟ್ಟು ಕೊಟ್ಟಿತು. ಮಾನದಂಡಗಳನ್ನು ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದ್ದ 15(1)ನೇ ನಿಯಮ ಮೂಲ ಕಾಯಿದೆಗೆ ವಿರುದ್ಧವೆಂದು ಸಾರಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಮುಂದೆ ಹೋಯಿತು. ಬ್ಯಾಂಕುಗಳ ಗುರುತು ಪರಿಶೀಲನೆಯಲ್ಲಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಷರತ್ತು ಆಸಿಡ್ ದಾಳಿಗೆ ತುತ್ತಾದವರಿಗೆ ಅಸಾಧ್ಯವೆಂಬ ಅರ್ಜಿಯಲ್ಲಿ, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಪೀಠ ಹೇಳಿ, 20 ನಿರ್ದೇಶನಗಳನ್ನು ನೀಡಿತು.

2011ರ ಜನಗಣತಿಯಂತೆ ರಾಜ್ಯದಲ್ಲಿ ವಿಕಲಚೇತನರ ಸಂಖ್ಯೆ 13.24 ಲಕ್ಷ. ಅದೂ ಹಳೆಯ, ಕಿರಿದಾದ ವ್ಯಾಖ್ಯೆಯ ಲೆಕ್ಕ. ಇದಕ್ಕೆ ವಯಸ್ಸಿನಿಂದ ಕಣ್ಣು ಮಂಜಾದವರನ್ನು, ಬೆರಳು ಸೆಟೆದವರನ್ನು ಸೇರಿಸಿಕೊಂಡರೆ ಪ್ರತಿ ಮನೆಯಲ್ಲಿಯೂ ಒಬ್ಬರು ಸಿಕ್ಕಾರು.

ಪರೀಕ್ಷೆಗೆ ಪರಿಣತರೇ ಬೇಕೆಂದಿಲ್ಲ. ಮೌಸನ್ನು ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಅರ್ಜಿಯನ್ನು ಕೊನೆಯವರೆಗೂ ತುಂಬಲಾಗುತ್ತದೆಯೇ, ಚಿತ್ರದ ಕ್ಯಾಪ್ಚಾಕ್ಕೆ ಧ್ವನಿಯ ಪರ್ಯಾಯವಿದೆಯೇ ಎಂದು ನೋಡಿದರೆ ಹತ್ತು ನಿಮಿಷದಲ್ಲಿ ಅರ್ಧ ಸತ್ಯ ಹೊರಬೀಳುತ್ತದೆ. ಉಳಿದರ್ಧಕ್ಕೆ ಬಳಕೆದಾರರನ್ನೇ ಕರೆಯಬೇಕು. ನಮ್ಮ ರಾಜ್ಯದಲ್ಲಿ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಎಂಬ ವ್ಯವಸ್ಥೆ ಮೊದಲೇ ಇದೆ. ಆ ಕಾರ್ಯಕರ್ತರು ಸ್ವತಃ ವಿಕಲಚೇತನರು. ಹೊಸ ಪುಟ ಪ್ರಕಟವಾಗುವ ಮುನ್ನ ಅವರಲ್ಲಿ ನಾಲ್ವರನ್ನು ಕೂರಿಸಿ ಒಮ್ಮೆ ಬಳಸಿ ನೋಡಿಸಲು ಪ್ರತ್ಯೇಕ ಅನುದಾನವೇನೂ ಬೇಕಾಗಿಲ್ಲ. ತೊಂದರೆಯಾದವರು ಪುಟದ ವಿಳಾಸ, ದಿನಾಂಕ, ಯಾವ ಹಂತದಲ್ಲಿ ಅರ್ಜಿ ನಿಂತಿತು ಎಂಬ ವಿವರಗಳೊಂದಿಗೆ ಮೊದಲು ಸಂಬಂಧಿಸಿದ ಕಚೇರಿಗೆ, ಅಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ಲಿಖಿತ ದೂರು ನೀಡಬಹುದು. ಕಾಯಿದೆಯ 89ನೇ ಕಲಮಿನಂತೆ ಮೊದಲ ಉಲ್ಲಂಘನೆಗೆ 10 ಸಾವಿರ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.