ಕಂಪನಿಯ ಕಂಠ ಹೊಸ ರಂಗಕ್ಕೆ ಬಂದ ಬಗೆ

ಕನ್ನಡ ವೃತ್ತಿರಂಗಭೂಮಿಯಲ್ಲಿ, ಅಂದರೆ ಊರಿಂದೂರಿಗೆ ಸಾಗಿ ಟಿಕೆಟ್ ಹಣದಿಂದಲೇ ಬದುಕುತ್ತಿದ್ದ ಕಂಪನಿ ನಾಟಕಗಳ ಲೋಕದಲ್ಲಿ, ಹಾಡಲು ಬಾರದವರಿಗೆ ಮುಖ್ಯ ಪಾತ್ರ ಸಿಗುವುದು ಅಪರೂಪವಾಗಿತ್ತು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕೊನೆಯ ಸಾಲಿನವರಿಗೂ ಪ್ರತಿ ಅಕ್ಷರ ಮುಟ್ಟಬೇಕಿದ್ದುದರಿಂದ ಎದೆಯಿಂದೆತ್ತಿದ ತುಂಬು ಕಂಠವೊಂದು ಅಲ್ಲಿ ರೂಪುಗೊಂಡಿತು. ರಂಗದ ಮುಂದೆ ಕುಳಿತ ಮೇಷ್ಟ್ರು ಲೆಗ್ ಹಾರ್ಮೋನಿಯಂನಲ್ಲಿ, ಅಂದರೆ ಕಾಲಿನಿಂದ ತಿದಿಯೊತ್ತಿ ಎರಡೂ ಕೈಗಳಿಂದ ನುಡಿಸುವ ವಾದ್ಯದಲ್ಲಿ, ಶ್ರುತಿ ಹಿಡಿಯುತ್ತಿದ್ದಂತೆ ನಟಿ ಮಾತಿನ ಕೊನೆಯ ಪದವನ್ನು ಆ ಶ್ರುತಿಗೆ ಸೇರಿಸಿ, ತಾಳದ ಕಟ್ಟಿಲ್ಲದೆ ರಾಗವಾಗಿ ಹಾಡುವ ಕಂದಪದ್ಯಕ್ಕೆ ಸಾಗುತ್ತಿದ್ದರು. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ತೊಡಗಿತೆಂದು ತಿಳಿಯದಿರುವುದೇ ಆ ಕಲೆಯ ಹೆಚ್ಚಳ.

ಕಂಪನಿಗಳು ಸೊರಗಿದ ಮೇಲೂ ಆ ಕಂಠ ಉಳಿದು ಆಧುನಿಕ ರಂಗಭೂಮಿಗೆ ದಾಟಿದ್ದರಲ್ಲಿ ನಟಿ, ನಿರ್ದೇಶಕಿ ಬಿ. ಜಯಶ್ರೀಯವರ ಪಾಲು ಬಹು ದೊಡ್ಡದು. 1950ರಲ್ಲಿ ಹುಟ್ಟಿದ ಅವರು ಗುಬ್ಬಿ ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರ ಮಗಳು ಜಿ.ವಿ. ಮಾಲತಮ್ಮನವರ ಪುತ್ರಿ. ಬಾಲ್ಯದಲ್ಲೇ ಅಜ್ಜನ ಕಂಪನಿಯಲ್ಲಿ ಬಣ್ಣ ಹಚ್ಚಿದ ಅವರು ಇಬ್ರಾಹಿಂ ಅಲ್ಕಾಜಿ ಮುನ್ನಡೆಸುತ್ತಿದ್ದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1973ರಲ್ಲಿ ಪದವಿ ಪಡೆದರು. ಅದೇ ಗುಬ್ಬಿ ಕಂಪನಿಯಲ್ಲಿ ಬೆಳೆದು, ಅದೇ ಶಾಲೆಯಲ್ಲಿ ಕಲಿತ ಬಿ.ವಿ. ಕಾರಂತರು ಆ ವೇಳೆಗೆ ಹವ್ಯಾಸಿ ರಂಗಭೂಮಿಗೆ, ಅಂದರೆ ಬೇರೆ ಉದ್ಯೋಗದಲ್ಲಿದ್ದುಕೊಂಡು ನಾಟಕವಾಡುವವರ ರಂಗಕ್ಕೆ, ಸಂಗೀತವನ್ನು ಮರಳಿ ತಂದಿದ್ದರು. ನೆಲ ಹದವಾಗಿದ್ದ ಆ ಹೊತ್ತಿನಲ್ಲಿ, 1976ರಲ್ಲಿ, ಜಯಶ್ರೀ ಬೆಂಗಳೂರಿನಲ್ಲಿ 'ಸ್ಪಂದನ' ತಂಡವನ್ನು ಕಟ್ಟಿದರು.

ಅಜ್ಜನ ಕಂಪನಿಯನ್ನೇ ಮತ್ತೆ ಕಟ್ಟಲು ಹೊರಡದೆ, ಅದರ ಕಂಠವನ್ನು ಜನಪದ ಕಥನಕ್ಕೆ ಒಗ್ಗಿಸಿದ್ದು ಅವರ ನಿಜವಾದ ಸಾಧನೆ. 'ಲಕ್ಷಾಪತಿ ರಾಜನ ಕಥೆ'ಯಲ್ಲೂ, ಚಂದ್ರಶೇಖರ ಕಂಬಾರರ ಕಾದಂಬರಿಯನ್ನು ಆಧರಿಸಿದ 'ಕರಿಮಾಯಿ'ಯಲ್ಲೂ ಹಾಡು ಕಥೆಯ ನಡುವಿನ ಬಿಡುವಾಗದೆ ಕಥೆಯನ್ನೇ ಮುಂದಕ್ಕೆ ನಡೆಸುತ್ತದೆ. ನಿರ್ದೇಶಕಿಯೇ ಗಾಯಕಿಯೂ ಆಗಿರುವುದರಿಂದ ಇದು ಸಾಧ್ಯವಾಯಿತೆನ್ನಬೇಕು. 1996ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರ ಪದ್ಮಶ್ರೀ ಈ ದುಡಿಮೆಗೆ ಸಂದ ಮನ್ನಣೆಗಳು.

'ನಾಗಮಂಡಲ'ದಂಥ ಚಿತ್ರಗಳಲ್ಲಿ ನಟಿಸಿದ ಅವರು 2001ರ 'ನನ್ನ ಪ್ರೀತಿಯ ಹುಡುಗಿ'ಗಾಗಿ ಹಾಡಿದಾಗ, ಮೈಕಿಗೆ ಪಳಗಿದ ನಯವಾದ ದನಿಗಳಿಗೆ ಒಗ್ಗಿದ್ದ ಕೇಳುಗರು ಆ ಒರಟು, ತುಂಬು ಕಂಠವನ್ನು ಸಂಭ್ರಮದಿಂದ ಬರಮಾಡಿಕೊಂಡರು. ಕಂಪನಿ ನಾಟಕವನ್ನು ಒಮ್ಮೆಯೂ ನೋಡಿರದ ಹರೆಯದವರೂ ಅವರಲ್ಲಿದ್ದರು.